ಜೇಬಲ್ಲಿರೋ ಫೋನ್‌ಗೆ ಬಸ್ಕಿ ಎಣಿಸೋದು ಕಲಿಸಿದ್ದು: ನನ್ನ ಅನುಭವ

ಬಸ್ಕಿ ಹೊಡೀವಾಗ ಲೆಕ್ಕ ತಪ್ಪೋದು ನಂಗೆ ಮಾಮೂಲಿ, ಹದಿನೆಂಟಾಯ್ತಾ ಇಪ್ಪತ್ತಾಯ್ತಾ ಅಂತ ಅನುಮಾನ ಬಂದ್ರೆ ಮನಸ್ಸು ಯಾವಾಗ್ಲೂ ಇಪ್ಪತ್ತೇ ಅನ್ನತ್ತೆ. ಫೋನಲ್ಲಿ ಆಕ್ಸಿಲರೋಮೀಟರ್, ಅಂದ್ರೆ ವೇಗ ಎಷ್ಟು ಬೇಗ ಬದಲಾಗತ್ತೆ ಅಂತ ಅಳೆಯೋ ಸೆನ್ಸರ್, ಇದ್ಯಲ್ಲ, ಎಣಿಸೋ ಕೆಲ್ಸ ಅದ್ಕೇ ಕೊಟ್ಬಿಡೋಣ, ಪ್ಯಾಂಟ್ ಜೇಬಲ್ಲಿ ಹಾಕ್ಕೊಂಡು ಬಸ್ಕಿ ಹೊಡೆದ್ರೆ ಸಾಕು ಅನ್ನೋ ಥರ ಒಂದ್ ಆ್ಯಪ್ ಮಾಡೋಣ ಅಂತ ಕೂತೆ. ಎರಡು ದಿನದ ಕೆಲ್ಸ ಅನ್ಕೊಂಡಿದ್ದೆ. ಎರಡು ತಿಂಗ್ಳು ಹಿಡೀತು, ಮಂಡಿ ನೋವು ಬೇರೆ.

ಮೊದ್ಲು ಎಲ್ಲರೂ ಮಾಡೋದನ್ನೇ ನಾನೂ ಮಾಡ್ದೆ. ಆಂಡ್ರಾಯ್ಡಲ್ಲಿ ಅದರಿಂದ ಎಕ್ಸ್, ವೈ, ಝಡ್ ಅಂತ ದಿಕ್ಕಿಗೊಂದರಂತೆ ಮೂರು ಸಂಖ್ಯೆ ಬರ್ತಾವೆ, ಮೂರನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತಗೊಂಡ್ರೆ ಒಟ್ಟು ಎಷ್ಟು ಅಂತ ಸಿಗತ್ತೆ. ಫೋನನ್ನ ಟೇಬಲ್ ಮೇಲೆ ಸುಮ್ನೆ ಮಲಗಿಸಿದ್ರೂ ಅದು ಸೊನ್ನೆ ಬರಲ್ಲ, ಗುರುತ್ವದಷ್ಟೇ, ಅಂದ್ರೆ 9.8 ಬರತ್ತೆ. ಯಾಕಂದ್ರೆ ಟೇಬಲ್ಲು ಫೋನನ್ನ ಕೆಳಗಿಂದ ತಳ್ತಾ ಹಿಡ್ಕೊಂಡಿರೋದೇ ಸೆನ್ಸರ್‌ಗೆ ಗೊತ್ತಾಗೋದು, ಕೈ ಜಾರಿ ಬೀಳ್ತಿರೋ ಫೋನಲ್ಲೇ ಅದು ಸೊನ್ನೆ ಹತ್ರ ಬರೋದು (ಇದನ್ನ ಬೇಕು ಅಂತ ಟೆಸ್ಟ್ ಮಾಡ್ಲಿಲ್ಲ, ಆಗೋಯ್ತು ಅಷ್ಟೆ). ಸರಿ, 9.8 ಕಳೆದು, ಉಳಿದಿದ್ದು ಒಂದು ಮಿತಿ ದಾಟಿದ್ರೆ ಒಂದು ಬಸ್ಕಿ ಅಂತ ಬರೆದೆ.

ಜೋರಾಗಿ ಎದ್ದು ಕೂತ್ರೆ ಎಣಿಸ್ತಿತ್ತು, ಅದೂ ಇಳೀವಾಗೊಂದು ಏಳೋವಾಗೊಂದು ಅಂತ ಎರಡೆರಡು. ನಿಧಾನವಾಗಿ, ಅಂದ್ರೆ ಸರಿಯಾಗಿ, ಮಾಡಿದ್ರೆ ಒಂದೂ ಇಲ್ಲ. ಲೆಕ್ಕ ಹಾಕಿ ನೋಡ್ದೆ, ಅರ್ಧ ಮೀಟರ್ ಇಳಿದು ಏಳೋಕೆ ಮೂರು ಸೆಕೆಂಡ್ ತಗೊಂಡ್ರೆ ಹೆಚ್ಚು ಅಂದ್ರೆ ಸೆಕೆಂಡ್ ವರ್ಗಕ್ಕೆ 1 ಮೀಟರ್ ಆಸುಪಾಸು ವೇಗ ಬದಲಾಗತ್ತೆ, ಜೇಬಿಂದ ಫೋನ್ ತೆಗೀವಾಗ ಇದಕ್ಕಿಂತ ಜಾಸ್ತಿ ಅಲ್ಲಾಡತ್ತೆ. ಮಿತಿ ಇಳಿಸಿದ್ರೆ ನಿಂತಲ್ಲೇ ಕಾಲು ಬದಲಾಯಿಸಿದ್ದನ್ನೂ ಎಣಿಸೋದು, ಏರಿಸಿದ್ರೆ ಮತ್ತೆ ಮೌನ.

ಆಮೇಲೆ ಬುದ್ಧಿವಂತಿಕೆ ತೋರ್ಸೋಕೆ ಹೋದೆ, ವೇಗೋತ್ಕರ್ಷನ (ವೇಗ ಬದಲಾಗೋ ದರ) ಎರಡು ಸಲ ಇಂಟಿಗ್ರೇಟ್ ಮಾಡಿ, ಅಂದ್ರೆ ಕ್ಷಣಕ್ಷಣದ ಓದನ್ನ ಕೂಡಿಸ್ತಾ ಹೋಗಿ, ಎಷ್ಟು ಕೆಳಗೆ ಹೋದೆ ಅಂತ ನೇರವಾಗಿ ಕಂಡ್ಕೊಳ್ಳೋಣ ಅಂತ. ಸೆನ್ಸರಲ್ಲಿ ಸೆಕೆಂಡ್ ವರ್ಗಕ್ಕೆ ಬರೀ 0.01 ಮೀಟರ್ ದೋಷ ಇದ್ರೂ ಒಂದು ನಿಮಿಷಕ್ಕೆ ಅದು 18 ಮೀಟರ್ ಆಗತ್ತೆ. ನಾನು ನಿಂತಲ್ಲೇ ನಿಂತಿದೀನಿ, ಆ್ಯಪ್ ಪ್ರಕಾರ ಐದನೇ ಮಹಡೀಲಿದೀನಿ. ಇದನ್ನ ಯಾರಾದ್ರೂ ಮಾಡೋಕೆ ಹೊರಟಿದ್ರೆ ಇವತ್ತೇ ಬಿಡಿ.

ದಾರಿ ಸಿಕ್ಕಿದ್ದು ಕನ್ನಡಿ ಮುಂದೆ. ಬಸ್ಕಿ ಹೊಡೀವಾಗ ತೊಡೆ ಏನ್ ಮಾಡತ್ತೆ ನೋಡಿ, ನಿಂತಾಗ ನೆಟ್ಟಗಿರತ್ತೆ, ಕೂತಾಗ ಹೆಚ್ಚೂ ಕಡಿಮೆ ನೆಲಕ್ಕೆ ಸಮ. ಜೇಬಲ್ಲಿರೋ ಫೋನು ತೊಡೆಗೆ ಅಂಟ್ಕೊಂಡಿರೋದ್ರಿಂದ ಅದೂ ಜೊತೆಗೇ ತಿರುಗತ್ತೆ, ಅಂದ್ರೆ ಫೋನ್ ಕಡೆಯಿಂದ ನೋಡಿದ್ರೆ ಗುರುತ್ವದ ದಿಕ್ಕು 90 ಡಿಗ್ರಿ ಹತ್ರ ಬದಲಾಗತ್ತೆ! ನಾನು ಅಲ್ಲಾಟ ಹುಡುಕ್ತಿದ್ದೆ, ಹುಡುಕಬೇಕಿದ್ದಿದ್ದು ವಾಲಿದ್ದನ್ನ. ನಿಧಾನ ಮಾಡಿದಷ್ಟೂ ಇದು ಚೆನ್ನಾಗಿ ಕಾಣತ್ತೆ, ಬೇರೆ ಗದ್ದಲ ಕಡಿಮೆ ಇರತ್ತಲ್ಲ. ತಿರುಗೋ ವೇಗ ಅಳೆಯೋ ಜೈರೋಸ್ಕೋಪೂ ಬೇಡ, ಕಡಿಮೆ ಬೆಲೆಯ ಎಷ್ಟೋ ಫೋನಲ್ಲಿ ಅದು ಇರೋದೂ ಇಲ್ಲ.

ಹಾಗಾಗಿ ಈಗ ಇರೋದು ಹೀಗೆ. ಶುರು ಒತ್ತಿ ಜೇಬಿಗೆ ಹಾಕಿ ಎರಡು ಸೆಕೆಂಡ್ ಅಲ್ಲಾಡದೆ ನಿಂತ್ರೆ ಆಗಿನ ಗುರುತ್ವದ ದಿಕ್ಕನ್ನ ಇಟ್ಕೊಳ್ಳತ್ತೆ, ಆಮೇಲೆ ಪ್ರತಿ ಸಲ ಈಗಿನ ದಿಕ್ಕಿಗೂ ಅದಕ್ಕೂ ನಡುವೆ ಎಷ್ಟು ಕೋನ ಅಂತ ಡಾಟ್ ಪ್ರಾಡಕ್ಟಲ್ಲಿ (ಎರಡು ದಿಕ್ಕಿನ ನಡುವಿನ ಕೋನ ಕಂಡ್ಕೊಳ್ಳೋಕೆ ಬಳಸೋ ಗುಣಾಕಾರ) ಲೆಕ್ಕ. ಫೋನ್ ತಲೆಕೆಳಗಾಗಿ ಹಾಕಿದ್ರೂ ಚಿಂತೆ ಇಲ್ಲ. 55 ಡಿಗ್ರಿ ದಾಟಿದ್ರೆ ಕೂತ, ವಾಪಸ್ 25ಕ್ಕಿಂತ ಕೆಳಗೆ ಬಂದ್ರೆ ಎದ್ದ, ಆಗ ಮಾತ್ರ ಒಂದು ಎಣಿಕೆ. ಒಂದೇ ಗೆರೆ ಇಟ್ರೆ ಆ ಗೆರೆ ಹತ್ರ ಕಾಲು ನಡುಗಿದಾಗೆಲ್ಲ ಎಣಿಸ್ತಾ ಹೋಗತ್ತೆ, ಹದಿನೈದನೇ ಬಸ್ಕಿ ಮೇಲೆ ಕಾಲು ನಡುಗೇ ನಡುಗತ್ತೆ.

ಇಲ್ಲಿ ಒಂದು ಬಗ್ ನನ್ನ ಇಡೀ ಭಾನುವಾರ ತಿಂತು. ಕೋನ ಏನ್ ಮಾಡಿದ್ರೂ ಸೊನ್ನೆ. ಕೂತೆ ಸೊನ್ನೆ, ಎದ್ದೆ ಸೊನ್ನೆ, ಮಲಗಿದ್ರೂ ಸೊನ್ನೆ. ಕೊನೆಗೆ ಗೊತ್ತಾಗಿದ್ದು, ಆಂಡ್ರಾಯ್ಡು ಸೆನ್ಸರ್ ಇವೆಂಟಿನ (ಒಂದೊಂದು ಓದಿನ) ಅದೇ ಅರೇನ, ಅಂದ್ರೆ ಆ ಮೂರು ಸಂಖ್ಯೆ ಇಡೋ ಅದೇ ಜಾಗಾನ, ಮತ್ತೆ ಮತ್ತೆ ಬಳಸತ್ತೆ, ನಾನು ಮೊದಲ ದಿಕ್ಕನ್ನ ಕಾಪಿ ಮಾಡದೆ ಆ ಅರೇನೇ ಹಿಡ್ಕೊಂಡು ಕೂತಿದ್ದೆ, ಹೊಸ ಬೆಲೆ ಬಂದಾಗೆಲ್ಲ 'ಹಳೇದು' ಕೂಡ ಹೊಸದೇ ಆಗ್ತಿತ್ತು. ಬೇರೆ ಪ್ರತಿ ಮಾಡೋ ಒಂದು ಕ್ಲೋನ್ ಹಾಕ್ದೆ, ಸರಿ ಹೋಯ್ತು.

ಇನ್ನೊಂದು ತಲೆನೋವು ಫಿಲ್ಟರ್‌ದು. ಹಳೇದರ 0.8 ಪಾಲು, ಹೊಸದರ 0.2 ಪಾಲು ಸೇರಿಸೋ ಸಾದಾ ಲೋ ಪಾಸ್ ಫಿಲ್ಟರ್ (ಚಿಕ್ಕ ನಡುಕ ಸೋಸಿ ನಿಧಾನದ ಬದಲಾವಣೆ ಮಾತ್ರ ಬಿಡೋದು), ನನ್ನ ಫೋನಲ್ಲಿ 20 ಮಿಲಿಸೆಕೆಂಡಿಗೊಂದು ಓದು ಬರ್ತಿದ್ದಾಗ ಬೆಣ್ಣೆ ಥರ ಇತ್ತು. ಅದೇ ಆ್ಯಪು ಗೆಳೆಯನ ಹಳೇ ಫೋನಲ್ಲಿ ಒಂದು ಬಸ್ಕಿ ಹಿಂದೆ ಓಡ್ತಿತ್ತು. ಓದು ಇಷ್ಟು ಬೇಗ ಬೇಗ ಬೇಕು ಅಂತ ನಾವು ಕೇಳೋದು ಬರೀ ಸೂಚನೆ, ಫೋನು ಅದನ್ನೇ ಕೊಡಬೇಕು ಅಂತೇನಿಲ್ಲ, ಓದುಗಳ ನಡುವೆ ಅಂತರ ಜಾಸ್ತಿಯಾದ್ರೆ ಅದೇ 0.8 ಫಿಲ್ಟರನ್ನ ಸೋಮಾರಿ ಮಾಡತ್ತೆ. ಈಗ ಪ್ರತಿ ಇವೆಂಟ್ ಜೊತೆ ನ್ಯಾನೋಸೆಕೆಂಡಲ್ಲಿ ಬರೋ ಟೈಮ್‌ಸ್ಟ್ಯಾಂಪ್ ನೋಡಿ ಆ ಪಾಲನ್ನ ಆಗಾಗ್ಲೇ ಲೆಕ್ಕ ಹಾಕ್ತೀನಿ.

ಫೋನ್ ಜೇಬಲ್ಲಿ ಇರೋದ್ರಿಂದ ಸ್ಕ್ರೀನ್ ಯಾರ್ ನೋಡ್ತಾರೆ, ಪ್ರತಿ ಎಣಿಕೆಗೂ ವೈಬ್ರೇಟ್ ಆಗ್ಲಿ ಅಂತ ಹಾಕ್ದೆ. ವೈಬ್ರೇಟ್ ಆದ್ರೆ ಸೆನ್ಸರೂ ಅಲ್ಲಾಡತ್ತೆ ಅನ್ನೋದು ಹೊಳೀಲೇ ಇಲ್ಲ, ಗ್ರಾಫಲ್ಲಿ ಪ್ರತಿ ಬಸ್ಕಿ ಆದ್ಮೇಲೆ ಮುಳ್ಳಿನ ಪೊದೆ. ಅಷ್ಟು ಹೊತ್ತಿನ ಓದು ಬಿಸಾಕಿ ಮುಂದೆ ಹೋಗ್ತೀನಿ ಈಗ. ಸ್ಕ್ರೀನ್ ಆಫ್ ಆದ್ರೆ ಎಣಿಕೆ ನಿಲ್ಲೋದೂ ಇತ್ತು, ಆಂಡ್ರಾಯ್ಡ್ 9ರಿಂದ ಹಿನ್ನೆಲೆಯಲ್ಲಿರೋ ಆ್ಯಪಿಗೆ ಆಕ್ಸಿಲರೋಮೀಟರ್ ಓದು ಸಿಗಲ್ಲ, ಫೋರ್‌ಗ್ರೌಂಡ್ ಸರ್ವೀಸ್ (ಓಡ್ತಿದೆ ಅಂತ ಬಳಸೋರಿಗೆ ತಿಳಿಸ್ತಾ ಓಡೋ ಭಾಗ) ಮಾಡಿ ನೋಟಿಫಿಕೇಶನ್ ತೋರಿಸ್ಲೇಬೇಕು.

ಮಂಡಿ ಉಳಿಸಿದ್ದು ರೆಕಾರ್ಡಿಂಗ್. ಒಂದೊಂದು ಬದಲಾವಣೆಗೂ ಇಪ್ಪತ್ತು ಬಸ್ಕಿ ಹೊಡೆದು ಸಾಕಾಗಿ, ಕಚ್ಚಾ ಓದುಗಳನ್ನ ಫೈಲಿಗೆ ಬರೆದಿಟ್ಟು ಕಂಪ್ಯೂಟರಲ್ಲೇ ಮತ್ತೆ ಓಡಿಸೋ ಹಾಗೆ ಮಾಡ್ಕೊಂಡೆ. ಇದನ್ನ ಮೊದಲ ದಿನಾನೇ ಮಾಡ್ಬೇಕಿತ್ತು. ಆಮೇಲೆ ಐಫೋನಿಗೆ ತಂದಾಗ ಓದು 9.8ರ ಬದ್ಲು ಗುರುತ್ವವನ್ನೇ 1 ಅಂತ ಹಿಡಿಯೋ ಜಿ ಲೆಕ್ಕದಲ್ಲಿ, ಚಿಹ್ನೆ ಕೂಡ ಉಲ್ಟಾ, ಟೇಬಲ್ ಮೇಲೆ ಅಂಗಾತ ಇಟ್ರೆ ಝಡ್ ಮೈನಸ್ 1. ಹೆದರಿದ್ದೆ, ಆದ್ರೆ ಎರಡು ದಿಕ್ಕಿನ ನಡುವಿನ ಕೋನಕ್ಕೆ ಅಳತೆ ಚಿಹ್ನೆ ಯಾವುದೂ ತಾಗಲ್ಲ, ಲೆಕ್ಕದಲ್ಲಿ ಒಂದು ಸಾಲೂ ಬದಲಾಯಿಸ್ಲಿಲ್ಲ.

ಬಗೆಹರೀದೇ ಇರೋದೂ ಇದೆ. ಸಡಿಲ ಜೇಬಿನ ಟ್ರ್ಯಾಕ್ ಪ್ಯಾಂಟಲ್ಲಿ ಫೋನ್ ಒಳಗೇ ಉರುಳಾಡತ್ತೆ, ಮೊದಲ ದಿಕ್ಕು ಮೂರನೇ ಬಸ್ಕಿಗೇ ಸುಳ್ಳಾಗತ್ತೆ. ಮಧ್ಯ ಸುಸ್ತಾಗಿ ಕುರ್ಚಿ ಮೇಲೆ ಕೂತು ಎದ್ರೆ ಅದನ್ನೂ ಒಂದು ಬಸ್ಕಿ ಅಂತ ಬರ್ಕೊಳ್ಳತ್ತೆ, ಅದನ್ನ ಸರಿ ಮಾಡೋಕೆ ನಾನೇನೂ ಅವಸರ ಮಾಡ್ತಿಲ್ಲ.