ಬೀದಿಯ ಚರಂಡಿಯನ್ನು ಪಾಲಿಕೆ ಬಜೆಟ್‌ಗೆ ಸೇರಿಸುವುದು ಹೇಗೆ?

ತುಮಕೂರು, ಒಂದು ಫೆಬ್ರವರಿಯ ಕೊನೆಯ ವಾರ. ಪಕ್ಕದ ಬೀದಿಯ ಮೇಷ್ಟ್ರು ಮನವಿ ಪತ್ರ ಹಿಡಿದು ಮನೆಗೆ ಬಂದರು. ನಾಲ್ಕು ಸಾಲು ಬರಹ, ಕೆಳಗೆ ನಲವತ್ತೆರಡು ಸಹಿ. ‘ನಮ್ಮ ಬೀದಿಗೆ ರಸ್ತೆ, ಚರಂಡಿ, ಬೀದಿದೀಪ, ಪಾರ್ಕ್ ಮುಂತಾದ ಮೂಲಸೌಕರ್ಯ ಒದಗಿಸಿಕೊಡಬೇಕಾಗಿ ಕೋರಿಕೆ.’

‘ಪಾಲಿಕೆ ಬಜೆಟ್ ಬರ್ತಾ ಇದೆಯಲ್ಲ ಸಾರ್, ಅದರಲ್ಲಿ ಹಾಕಿಸಿಬಿಡೋಣ ಅಂತ’ ಅಂದರು.

ಕಾಫಿ ಕೊಟ್ಟು ಕೂರಿಸಿ ಹೇಳಿದೆ: ‘ಮೇಷ್ಟ್ರೇ, ಬಸ್ಸು ಆಗಲೇ ಊರಂಚಿನ ಕ್ಯಾತ್ಸಂದ್ರ ದಾಟಿದೆ.’

ಇಂಥ ಮನವಿಗಳನ್ನು ನಾನೇ ಎಷ್ಟೋ ಬರೆದುಕೊಟ್ಟಿದ್ದೇನೆ. ಬಡಾವಣೆ ಸಂಘದ ಕಾರ್ಯದರ್ಶಿ ಅಂತ ಹತ್ತು ವರ್ಷ ಓಡಾಡಿದ ಮೇಲೆ ತಲೆಗೆ ಹೋದದ್ದು ಇಷ್ಟು: ನಮ್ಮ ಬೇಡಿಕೆ ಬಜೆಟ್‌ನ ಯಾವ ಸಾಲಿನಲ್ಲಿ ಕೂರಬೇಕು ಅಂತ ನಾವೇ ತೋರಿಸದಿದ್ದರೆ ಅದು ಫೈಲಿನಲ್ಲೇ ಕೂರುತ್ತದೆ.

1. ತಿಂಗಳು ಗುರುತು ಹಾಕಿಕೊಳ್ಳಿ

ಪಾಲಿಕೆಯ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಅಂಕಿ ಹೊಂದಿಸುವ ಕೆಲಸ ಅದಕ್ಕೂ ಮೊದಲೇ ನಡೆದಿರುತ್ತದೆ. ಹಾಗಾಗಿ ದಸರಾ ರಜೆಯಲ್ಲಿ ಅಳತೆ, ಕಾರ್ತಿಕ ಮುಗಿಯುವುದರೊಳಗೆ ಮನವಿ. ಶಿವರಾತ್ರಿಗೆ ಹೋದರೆ ಫೋಟೊ ತೆಗೆಸಿಕೊಂಡು ಬರಬಹುದು, ಅಷ್ಟೇ.

2. ಊರಿನ ಗುರಿ ಎಲ್ಲಿ ಬರೆದಿದೆ ನೋಡಿ

ಅದು ಒಂದೇ ಪುಸ್ತಕದಲ್ಲಿಲ್ಲ. ಯಾವ ಜಾಗ ಮನೆಗೆ, ಯಾವುದು ಪಾರ್ಕಿಗೆ, ರಸ್ತೆ ಎಷ್ಟು ಅಗಲ ಅನ್ನುವುದು ಮಾಸ್ಟರ್ ಪ್ಲಾನ್‌ನಲ್ಲಿ ಇರುತ್ತದೆ. ಅದನ್ನು ಮಾಡುವುದು ಪಾಲಿಕೆಯಲ್ಲ, ಟೂಡಾ, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಮ್ಮ ನಲ್ಲಿ ಸೇರುತ್ತದಲ್ಲ, ಅಂಥ ನೀರಿನ ಗುರಿಗಳಿಗೆ ಕೇಂದ್ರದ ಯೋಜನೆ ಬೇರೆ. ಅದರ ಹೆಸರು ಅಮೃತ್ 2.0, ಶುರುವಾದದ್ದು 2021ರ ಅಕ್ಟೋಬರ್‌ನಲ್ಲಿ.

ಇನ್ನು ಸ್ಮಾರ್ಟ್ ಸಿಟಿ. ತುಮಕೂರು ಆಯ್ಕೆಯಾದದ್ದು 2016ರ ಸೆಪ್ಟೆಂಬರ್‌ನಲ್ಲಿ. ಒಂದು ನಗರಕ್ಕೆ ಕೇಂದ್ರದಿಂದ ಐದು ವರ್ಷದಲ್ಲಿ 500 ಕೋಟಿ ತನಕ, ಅಷ್ಟೇ ಪಾಲು ರಾಜ್ಯದ ಕಡೆಯಿಂದ ಅನ್ನುವ ಲೆಕ್ಕ. ಅದನ್ನು ನಡೆಸಿದ್ದು ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್ ಅನ್ನುವ ಪ್ರತ್ಯೇಕ ಕಂಪನಿ. ಆ ಲೆಕ್ಕವನ್ನು ಪಾಲಿಕೆ ಬಜೆಟ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. 2025ರ ಮಾರ್ಚ್ 31ಕ್ಕೆ ಆ ಮಿಷನ್ ಮುಗಿಯಿತು. ಹಾಕಿದ ದೀಪ, ಹಾಸಿದ ಫುಟ್‌ಪಾತ್‌ನ ರಿಪೇರಿ ಖರ್ಚು ಮಾತ್ರ ಮುಗಿಯಲ್ಲ, ಅಲ್ವಾ? ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಕಾಗದಗಳನ್ನೆಲ್ಲ ಪೂರ್ತಿ ಓದಬೇಕಿಲ್ಲ. ನಿಮ್ಮ ಕೆಲಸಕ್ಕೆ ಹೊಂದುವ ಒಂದು ಸಾಲು ಸಿಕ್ಕರೆ ಸಾಕು. ಬಣ್ಣ ಬಣ್ಣದ ‘ವಿಷನ್’ ಪುಸ್ತಕ ಯಾರಾದರೂ ಕೊಟ್ಟರೆ ಮಕ್ಕಳಿಗೆ ಕೊಡಿ, ಚಿತ್ರ ಚೆನ್ನಾಗಿರುತ್ತವೆ.

3. ಬಜೆಟ್ ಪುಸ್ತಕ ತರಿಸಿ ಓದಿ

ಪಾಲಿಕೆ ಕಚೇರಿಯಲ್ಲಿ ಅಥವಾ ವೆಬ್‌ಸೈಟ್‌ನಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪುರಾಣ ಬರೆಯಬೇಡಿ.

ಪಿಡಿಎಫ್ ಸಿಕ್ಕಿತು ಅಂತ ಖುಷಿಯಿಂದ ‘ಚರಂಡಿ’ ಅಂತ ಸರ್ಚ್ ಕೊಟ್ಟರೆ ಏನೂ ಬರದಿರಬಹುದು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಕನ್ನಡ ಅಂತ ಗುರುತಿಸುವುದೇ ಇಲ್ಲ. ಮೊಬೈಲ್ ಸ್ಕ್ಯಾನ್ ಆ್ಯಪ್‌ಗಳಂತೂ ಬಲಗಡೆ ಅಂಚನ್ನೇ ಕತ್ತರಿಸಿ ಹಾಕುತ್ತವೆ. ನಮಗೆ ಬೇಕಾದ ಅಂಕಿ ಇರುವುದೇ ಅಲ್ಲಿ! ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ದೊಡ್ಡದು ಮಾಡಿಸಿ, ಸ್ಕೇಲ್ ಇಟ್ಟುಕೊಂಡು ಓದಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಪುಸ್ತಕದಲ್ಲಿ ಮೂರು ಭಾಗ. ರಾಜಸ್ವ ಅಂದರೆ ದಿನನಿತ್ಯದ ಬಾಬ್ತು: ಸಂಬಳ, ಕರೆಂಟ್ ಬಿಲ್, ಹೂಳು ತೆಗೆಸುವುದು. ಬಂಡವಾಳ ಅಂದರೆ ಕಟ್ಟುವುದು: ರಸ್ತೆ, ಚರಂಡಿ, ಟ್ಯಾಂಕ್. ಅಸಾಧಾರಣ ಅಂದರೆ ಹೆಚ್ಚಾಗಿ ಬೇರೆಯವರ ದುಡ್ಡು: ಗ್ರಂಥಾಲಯ ಕರ, ಭಿಕ್ಷುಕರ ಕರ, ಗುತ್ತಿಗೆದಾರರ ಠೇವಣಿ. ಇದು ಬರುತ್ತದೆ, ಹೋಗುತ್ತದೆ. ಇದನ್ನೂ ಸೇರಿಸಿ ‘ಇಷ್ಟು ಕೋಟಿ ಇದೆಯಲ್ಲಾ’ ಅಂತ ಸಭೆಯಲ್ಲಿ ಎದ್ದು ನಿಂತವರನ್ನು ನೋಡಿದ್ದೇನೆ. ಪಾಪ, ಒಂದೇ ಮಾತಿನಲ್ಲಿ ಕೂರಿಸಿಬಿಟ್ಟರು.

ಪ್ರತಿ ಸಾಲಿನ ಮುಂದೆ ಹಿಂದಿನ ವರ್ಷದ ನಿಜವಾದ ಖರ್ಚು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. ಎಲ್ಲರೂ ಕೊನೆಯದನ್ನು ನೋಡುತ್ತಾರೆ, ಪೇಪರಿನಲ್ಲಿ ಬರುವುದೂ ಅದೇ. ನೀವು ಮೊದಲನೆಯದನ್ನು ನೋಡಿ. ಒಂದು ಸಾಲಿನಲ್ಲಿ ಮುಂದಿನ ವರ್ಷಕ್ಕೆ ಕೋಟಿ ಇದ್ದು, ಹಿಂದಿನ ವರ್ಷ ಖರ್ಚಾದದ್ದು ಎಂಟು ಲಕ್ಷ ಅಂತಿದ್ದರೆ ಆ ಕೋಟಿಯನ್ನು ನಂಬಿ ಕೂರಬೇಡಿ. ಹಾಗೇ ‘ಉಳಿತಾಯ ಬಜೆಟ್’ ಅನ್ನುವ ಹೆಡ್ಡಿಂಗ್ ನೋಡಿ ಹಿಗ್ಗಬೇಡಿ. ಆರಂಭಿಕ ಶಿಲ್ಕು, ಅಂದರೆ ಹಿಂದಿನ ವರ್ಷದಿಂದ ಉಳಿದು ಬಂದ ದುಡ್ಡು ಎಷ್ಟಿತ್ತು ಅಂತ ಮೊದಲು ನೋಡಿ.

4. ಆಸೆಯನ್ನು ಕಾಮಗಾರಿ ಮಾಡಿ

ಎಡವುವುದು ಇಲ್ಲೇ. ‘ಸುಸಜ್ಜಿತ ಚರಂಡಿ ಬೇಕು’ ಅನ್ನುವುದು ಆಸೆ. ‘ಹಿಟ್ಟಿನ ಗಿರಣಿಯಿಂದ ಸರ್ಕಾರಿ ಶಾಲೆ ಕಾಂಪೌಂಡ್ ತನಕ, ರಸ್ತೆಯ ಎಡಗಡೆ, 600 ಮೀಟರ್ ಸಿಮೆಂಟ್ ಚರಂಡಿ’ ಅಂದರೆ ಅದು ಕಾಮಗಾರಿ. ಎಂಜಿನಿಯರ್ ಅಂದಾಜು ಪಟ್ಟಿ ಮಾಡಲು ಆಗುವುದು ಎರಡನೆಯದಕ್ಕೆ ಮಾತ್ರ.

ಅಳತೆಗೆ 30 ಮೀಟರ್ ಟೇಪು, ಇಬ್ಬರು ಜನ, ಒಂದು ಸುಣ್ಣದ ಉಂಡೆ. ಮೊಬೈಲಿನಲ್ಲಿ ಅಳೆಯುವ ಆ್ಯಪ್ ಬೇಡವೇ ಬೇಡ. ನಮ್ಮ ಹುಡುಗರು ಅಳೆದು 212 ಮೀಟರ್ ಅಂದ ಬೀದಿ ಟೇಪಿನಲ್ಲಿ 180 ಬಂತು. ಅಳೆಯುತ್ತಾ ಹೋದಂತೆ ಕಂಬ, ಮರ, ಒಳಚರಂಡಿ ಚೇಂಬರ್, ನೀರಿನ ಪೈಪು, ಗೇಟಿನ ಮುಂದೆ ಚಾಚಿದ ರ‍್ಯಾಂಪ್ ಎಲ್ಲ ಬರೆದುಕೊಳ್ಳಿ. ನಿಮ್ಮ ಮನೆಯ ರ‍್ಯಾಂಪನ್ನೂ ಸೇರಿಸಿ!

ಆಮೇಲೆ ಚರಂಡಿಯ ಬಾಲ ಹುಡುಕಿ. ನೀರು ಕೊನೆಗೆ ಎಲ್ಲಿ ಬೀಳಬೇಕು? ನಾವು ಮಾಡಿದ್ದು ಸುಲಭದ ಕೆಲಸ. ಜೋರು ಮಳೆ ಬಂದ ದಿನ ಮಕ್ಕಳ ಕೈಯಲ್ಲಿ ಕಾಗದದ ದೋಣಿ ಬಿಡಿಸಿದೆವು. ಎಲ್ಲರೂ ನೀರು ಬಲಕ್ಕೆ ಹೋಗುತ್ತದೆ ಅಂದುಕೊಂಡಿದ್ದೆವು. ಮೂರನೇ ಅಡ್ಡರಸ್ತೆಯಲ್ಲಿ ದೋಣಿಗಳೆಲ್ಲ ಎಡಕ್ಕೆ ತಿರುಗಿ ಶಾಲೆ ಕಾಂಪೌಂಡಿಗೆ ಹೋಗಿ ನಿಂತವು. ಅಲ್ಲಿಂದ ರಾಜಕಾಲುವೆಗೆ ಇನ್ನೂ 40 ಮೀಟರ್. ಆ 40 ಮೀಟರ್ ಬಿಟ್ಟು ಬರೆದಿದ್ದರೆ ಬೀದಿಯ ನೀರನ್ನೆಲ್ಲ ಶಾಲೆಗೆ ನುಗ್ಗಿಸುತ್ತಿದ್ದೆವು.

ಈಗ ದುಡ್ಡು ಯಾವ ಹುಂಡಿಯಿಂದ? ಪಾಲಿಕೆಯಲ್ಲಿ ಹುಂಡಿ ಒಂದಲ್ಲ, ಪ್ರತಿಯೊಂದಕ್ಕೂ ಬೇರೆ ಬೀಗ. ಕೇಂದ್ರದ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ 2021ರಿಂದ 2026ರ ಮಾರ್ಚ್ ತನಕ ಹಾಕಿಕೊಟ್ಟ ಲೆಕ್ಕವನ್ನೇ ನೋಡಿ. ಶೇ 60 ಭಾಗಕ್ಕೆ ಬೀಗ: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥದಕ್ಕೆ, ಇನ್ನರ್ಧ ಕಸ ಮತ್ತು ನೈರ್ಮಲ್ಯಕ್ಕೆ. ಉಳಿದ ಶೇ 40 ಮುಕ್ತ. ಮುಕ್ತ ಅಂದರೂ ಅದರಲ್ಲಿ ಸಂಬಳ ಕೊಡುವ ಹಾಗಿಲ್ಲ. ನೀರಿನ ಹುಂಡಿಯಲ್ಲಿ ರಸ್ತೆ ಕೇಳಿದರೆ ಯಾವ ಅಧಿಕಾರಿ ತಾನೇ ಕೊಡಲು ಸಾಧ್ಯ?

ಇದಲ್ಲದೆ ಎಸ್‌ಎಫ್‌ಸಿ ನಿಧಿ (ರಾಜ್ಯ ಹಣಕಾಸು ಆಯೋಗದ್ದು), ಪಾಲಿಕೆಯ ಸ್ವಂತ ನಿಧಿ ಇವೆ. ಇವುಗಳಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ನಿಮ್ಮ ಬೀದಿಯ ಕೊನೆಯಲ್ಲಿ ಪರಿಶಿಷ್ಟರ ಕಾಲೊನಿ ಇದ್ದರೆ ಅವರ ಜೊತೆ ಕೂತು ಮಾತಾಡಿ. ಆ ಭಾಗದ ಕೆಲಸಕ್ಕೆ ಬೇರೆ ಶೀರ್ಷಿಕೆಯಲ್ಲಿ ಹಣ ಇರಬಹುದು. ಅವರ ಹೆಸರು ಹೇಳಿ ನಿಮ್ಮ ಬೀದಿ ರಿಪೇರಿ ಮಾಡಿಸಿಕೊಳ್ಳುವ ಉಪಾಯ ಮಾತ್ರ ಮಾಡಬೇಡಿ. ಹಾಗೆ ಮಾಡುವವರು ಇದ್ದಾರೆ, ಅದು ಸರಿಯಲ್ಲ.

ಇನ್ನು ವರ್ಷ ಹಂಚುವುದು. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಒಟ್ಟು 60 ಲಕ್ಷ. ಒಂದೇ ವರ್ಷಕ್ಕೆ ಕೇಳಿದರೆ ‘ಮುಂದೆ ನೋಡೋಣ’. ಮೂರು ವರ್ಷಕ್ಕೆ ಇಪ್ಪತ್ತಿಪ್ಪತ್ತು ಲಕ್ಷ ಅಂತ ನೀವೇ ಹಂಚಿ ಕೊಡಿ, ಮೊದಲ ಇಪ್ಪತ್ತು ಕೆಳಗಿನ ತುದಿಗೆ. ಮೇಲಿಂದ ಕಟ್ಟುತ್ತಾ ಬಂದರೆ ಮೊದಲ ಮಳೆಗೇ ಕೆಳಗಿನ ಮನೆಯವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಎರಡನೇ ವರ್ಷ ಅದು ‘ಮುಂದುವರಿದ ಕಾಮಗಾರಿ’ ಆಗುತ್ತದೆ. ಹೊಸದನ್ನು ತಳ್ಳುವಷ್ಟು ಸುಲಭವಾಗಿ ಮುಂದುವರಿದದ್ದನ್ನು ಯಾರೂ ತಳ್ಳಲ್ಲ.

ಕೊನೆಗೆ ನಿರ್ವಹಣೆ. ತುಮಕೂರಿಗೆ ಬರುವ ಮೊದಲು ನಾನಿದ್ದ ಊರಿನಲ್ಲಿ ಬಡಾವಣೆಯವರೆಲ್ಲ ಸೇರಿ ಪಾರ್ಕಿಗೆ ಕಾರಂಜಿ ಕೇಳಿ ಪಡೆದೆವು. ಮನವಿ ಬರೆದವನು ನಾನೇ. ಕರೆಂಟ್ ಬಿಲ್ಲು, ಮೋಟಾರ್ ರಿಪೇರಿ, ಮಾಲಿಯ ಕೂಲಿ ಯಾವುದೂ ನನ್ನ ತಲೆಗೆ ಹೊಳೆಯಲಿಲ್ಲ. ಎಂಟು ತಿಂಗಳು ಚಿಮ್ಮಿತು. ಆಮೇಲೆ ಆ ತೊಟ್ಟಿಯಲ್ಲಿ ನಾಯಿ ಮರಿ ಹಾಕಿತು. ಅದಕ್ಕೇ ಈಗ ಪ್ರತಿ ಮನವಿಯ ಕೆಳಗೆ ಒಂದು ಸಾಲು ಬರೆಯುತ್ತೇನೆ: ‘ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಹೂಳೆತ್ತಲು ರಾಜಸ್ವ ಬಾಬ್ತಿನಲ್ಲಿ ಹಣ ಇಡಬೇಕು.’

ಅಳತೆ ಪಟ್ಟಿ ಹಿಡಿದು ವಾರ್ಡಿನ ಕಿರಿಯ ಎಂಜಿನಿಯರ್ ಹತ್ತಿರ ಹೋಗಿ, ಎಸ್‌ಆರ್ ದರದಲ್ಲಿ (ಸರ್ಕಾರದ ದರಪಟ್ಟಿ) ಮೀಟರಿಗೆ ಎಷ್ಟಾಗಬಹುದು ಅಂತ ಕೇಳಿ. ಬೆಳಿಗ್ಗೆ ಹೋಗಿ, ಒಬ್ಬರೇ ಹೋಗಿ. ಹದಿನೈದು ಜನ ಹೋದರೆ ಅದು ಧರಣಿ.

5. ಮನವಿ ಕೊಡಿ

ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸೀಲು ಮತ್ತು ನಂಬರ್ ಹಾಕಿಸಿಕೊಳ್ಳಿ.

ಹಾ, ಸಹಿ ಹಾಕಿದವರ ಕಂದಾಯ ಕಟ್ಟಿದೆಯಾ ನೋಡಿ. ಮೇಷ್ಟ್ರ ನಲವತ್ತೆರಡು ಸಹಿಯಲ್ಲಿ ಒಂಬತ್ತು ಮನೆಯದು ಬಾಕಿ ಇತ್ತು. ಪಾಲಿಕೆಯ ಸ್ವಂತ ನಿಧಿಗೆ ಆಸ್ತಿ ತೆರಿಗೆಯೇ ದೊಡ್ಡ ಆಸರೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಬೇರೆ ಸಿಗುತ್ತದೆ.

6. ಸಭೆಗೆ ಹೋಗಿ

ಬಜೆಟ್ ಪೂರ್ವಭಾವಿ ಸಭೆಯ ಪ್ರಕಟಣೆ ಪೇಪರಿನ ಮೂಲೆಯಲ್ಲಿ ಬರುತ್ತದೆ, ಕಣ್ಣಿಡಿ. ಊರಿಗೆ 35 ವಾರ್ಡು. ನಿಮಗೆ ಸಿಗುವುದು ಎರಡು ನಿಮಿಷ. ಒಂದೇ ಕೆಲಸ ಹೇಳಿ, ಟಪಾಲು ನಂಬರ್ ಹೇಳಿ, ಕೂತುಬಿಡಿ. ಶಾಲು, ಹಾರ ಬೇಡ, ಸುಮ್ನೆ ಆ ಎರಡು ನಿಮಿಷವೂ ಹೋಗುತ್ತದೆ. ಆಮೇಲೆ ಹಣಕಾಸು ಸ್ಥಾಯಿ ಸಮಿತಿ, ಅದಾದ ಮೇಲೆ ಕೌನ್ಸಿಲ್. ಚುನಾಯಿತ ಕೌನ್ಸಿಲ್ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯೇ ಎಲ್ಲ.

7. ಬಜೆಟ್ ಆದ ಮೇಲೆ

‘ಚರಂಡಿಗಳ ಅಭಿವೃದ್ಧಿ, ಇಷ್ಟು ಕೋಟಿ’ ಅಂತ ಬಂದರೆ ಪಟಾಕಿ ಹೊಡೆಯಬೇಡಿ. ಅದು ಇಡೀ ಊರಿನ ಚರಂಡಿ. ನಿಮ್ಮ ಬೀದಿಯ ಹೆಸರು ಬರಬೇಕಾದದ್ದು ಕ್ರಿಯಾ ಯೋಜನೆಯಲ್ಲಿ, ಅಂದರೆ ಯಾವ ಕೆಲಸ ಯಾವ ಬೀದಿಗೆ ಅಂತ ಹೆಸರಿಸುವ ಪಟ್ಟಿಯಲ್ಲಿ. ಅದಕ್ಕೆ ಅನುಮೋದನೆ, ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಬಜೆಟ್ ದಿನ ಚಪ್ಪಾಳೆ ತಟ್ಟಿ ಕ್ರಿಯಾ ಯೋಜನೆ ಮಾಡುವಾಗ ಮಲಗಿಬಿಡುವವರೇ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಸಲ ಹೋಗಿ ಪಟ್ಟಿ ಕೇಳಿ.

ಮೇಷ್ಟ್ರು ಮುಂದಿನ ಕಾರ್ತಿಕದಲ್ಲಿ ಸರಿಯಾಗಿ ಮನವಿ ಕೊಟ್ಟರು. ಬೇಸಿಗೆಯಲ್ಲಿ ಕ್ರಿಯಾ ಯೋಜನೆಯ ಪ್ರತಿ ಹಿಡಿದು ಬಂದರು. ಕೆಳಗಿನ ತುದಿಯ 200 ಮೀಟರ್ ಪಟ್ಟಿಯಲ್ಲಿತ್ತು, ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ನಾನು ಕಾಫಿಗೆ ಹೇಳುವಷ್ಟರಲ್ಲಿ ಕನ್ನಡಕ ಏರಿಸಿಕೊಂಡು ಬಜೆಟ್ ಪುಸ್ತಕದ ರಾಜಸ್ವ ಭಾಗ ತೆಗೆದರು.

‘ಅದೆಲ್ಲ ಸರಿ ಸಾರ್, ಹೂಳು ತೆಗೆಯೋ ದುಡ್ಡು ಎಲ್ಲಿ ಇಟ್ಟವ್ರೆ?’