ಜಾಡಿಯ ಹೂಳು, ಸಮುದ್ರದ ತಳ

ನಾನು ಸಂಡೂರಿನವನು. ಹತ್ತಿರದ ಕಡಲು ನೋಡಬೇಕೆಂದರೂ ಘಟ್ಟ ಇಳಿಯಬೇಕು. ಆದರೂ ಆಳ ಸಮುದ್ರದ ಗಣಿಗಾರಿಕೆಯ ಬಗ್ಗೆ ಓದಿದಾಗ ಅದು ಪರಊರಿನ ಸುದ್ದಿ ಅನ್ನಿಸಲಿಲ್ಲ. ಅಲ್ಲಿಂದ ಎತ್ತಬೇಕೆಂದಿರುವುದು ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್, ತಾಮ್ರ ತುಂಬಿದ, ಸಮುದ್ರತಳದಲ್ಲಿ ಹರಡಿ ಬಿದ್ದಿರುವ ಕಲ್ಲಿನಂಥ ಗಂಟುಗಳನ್ನು. ಮ್ಯಾಂಗನೀಸ್ ಅದಿರು ನಮ್ಮ ಗುಡ್ಡಗಳಲ್ಲೇ ಇದೆ. ಅದಿರಿನ ಲಾರಿಗಳ ಧೂಳಿಗೆ ದಾರಿಬದಿಯ ಗಿಡಗಳು ಕೆಂಪಾಗಿದ್ದ ಕಾಲದಲ್ಲಿ ನಾನು ಶಾಲೆಗೆ ಹೋದವನು.

ನಾಲ್ವರು ಗೆಳೆಯರು ಸೇರಿ ಕಾಲೇಜುಗಳಲ್ಲಿ ಮಾತನಾಡತೊಡಗಿದೆವು. ಮೊದಲ ಸಭೆ ನೆಲಕಚ್ಚಿತು. ತಿಮಿಂಗಿಲ, ಹವಳಗಳ ಚಿತ್ರ ತೋರಿಸಿದೆವು; ಚೆನ್ನಾಗಿದೆ ಎಂದು ಎಲ್ಲರೂ ಎದ್ದುಹೋದರು. ಮುಂದಿನ ಸಲ ಚಿತ್ರ ಬಿಟ್ಟು ಗಾಜಿನ ಜಾಡಿಯೊಂದನ್ನು ಒಯ್ದೆವು. ತಳದಲ್ಲಿ ಕೆರೆಯ ನುಣ್ಣನೆಯ ಹೂಳು, ಅದರಲ್ಲಿ ಅರ್ಧ ಹುದುಗಿದ ಆಲೂಗಡ್ಡೆ ಗಾತ್ರದ ಮ್ಯಾಂಗನೀಸ್ ಕಲ್ಲು, ಮೇಲೆ ನೀರು. ಎರಡು ದಿನ ಮೊದಲೇ ತುಂಬಿಟ್ಟು ತಿಳಿಯಾಗಲು ಬಿಡಬೇಕು. ಬಸ್ಸಿನಲ್ಲಿ ಒಯ್ದರೆ ಕದಡುತ್ತದೆ, ಆ ಕಾಲೇಜಿನಲ್ಲೇ ಇಟ್ಟು ಬರುವುದು ಮೇಲು. ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಇಕ್ಕಳದಿಂದ ಕಲ್ಲನ್ನು ಎತ್ತಲು ಹೇಳಿದೆವು. ಎಷ್ಟು ಮೆಲ್ಲಗೆ ಎತ್ತಿದರೂ ಹೂಳು ಎದ್ದಿತು. ನಮ್ಮ ಮಾತು ಮುಗಿದಾಗಲೂ ನೀರು ತಿಳಿಯಾಗಿರಲಿಲ್ಲ. ಅಂಥ ಒಂದು ಗಂಟು ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು, ಅದಕ್ಕೇ ಅಂಟಿಕೊಂಡು ಬದುಕುವ ಸ್ಪಂಜುಗಳಿವೆ ಎಂದಾಗ ಯಾರೂ ಎದ್ದುಹೋಗಲಿಲ್ಲ.

ಊರಿನ ಸಭೆಯಲ್ಲಿ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: “ತಮ್ಮಾ, ಗುಡ್ಡದಲ್ಲಾದರೆ ಸಸಿಯನ್ನಾದರೂ ನೆಡುತ್ತಾರೆ. ಅಲ್ಲಿ ಏನು ನೆಡುತ್ತಾರೆ?”

ಈ ಪ್ರಶ್ನೆಯೇ ನಮ್ಮ ಕೆಲಸದ ದಿಕ್ಕು ಬದಲಿಸಿತು. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆಯ ಸಾಗರದಲ್ಲಿ, ನಾಲ್ಕು ಸಾವಿರ ಮೀಟರಿಗೂ ಆಳದ ತಳವನ್ನು ಪ್ರಯೋಗಕ್ಕೆಂದು ಉತ್ತಿದ್ದರು. 2015ರಲ್ಲಿ ಹೋಗಿ ನೋಡಿದರೆ ನೇಗಿಲ ಸಾಲುಗಳು ಹಾಗೆಯೇ ಇದ್ದವು. ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿತು. ಬೋಳಾದ ಗುಡ್ಡ ಕಣ್ಣಿಗೆ ಕಾಣುತ್ತಿತ್ತು, ದೂರು ಕೊಡಲು ಜನರಿದ್ದರು. ಸಮುದ್ರತಳಕ್ಕೆ ಊರಿಲ್ಲ, ಗ್ರಾಮಸಭೆಯಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ.

ಬಳಿಕ ಭೂವಿಜ್ಞಾನ ಸಚಿವಾಲಯಕ್ಕೂ ನಮ್ಮ ಸಂಸದರಿಗೂ ಪತ್ರ ಬರೆದೆವು. ನಾಲ್ಕು ಪುಟವಿದ್ದದ್ದು ತಿದ್ದಿ ತಿದ್ದಿ ಒಂದಾಯಿತು. ಮಧ್ಯ ಹಿಂದೂ ಮಹಾಸಾಗರದಲ್ಲಿ ಈ ಗಂಟುಗಳ ಶೋಧನೆಗೆ ಭಾರತಕ್ಕೆ ಸಿಕ್ಕಿರುವ ಪ್ರದೇಶ ಸುಮಾರು 75,000 ಚದರ ಕಿಲೋಮೀಟರ್. ಅದು ವಿಭಜನೆಗೆ ಮುಂಚಿನ ಬಳ್ಳಾರಿ ಜಿಲ್ಲೆಯ ಏಳು ಪಟ್ಟಿಗೂ ಹೆಚ್ಚು ಎಂದು ಬರೆದ ಸಾಲನ್ನು ಓದಿಯೇ ಹೆಚ್ಚಿನವರು ಸಹಿ ಹಾಕಿದರು. 2021ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ, ಸಮುದ್ರತಳವನ್ನು ಶೋಧಿಸುವ ಆಳಸಾಗರ ಯೋಜನೆಯ ಸಂಶೋಧನೆಯನ್ನು ನಾವು ವಿರೋಧಿಸಲಿಲ್ಲ. ಅಲ್ಲಿನ ಜೀವಿಗಳ ಅಧ್ಯಯನ ಇನ್ನಷ್ಟು ನಡೆಯಲಿ ಎಂದೆವು. ಅದು ಮುಗಿಯುವ ತನಕ ಗಣಿಗಾರಿಕೆ ಬೇಡವೆನ್ನುವ ಮೂವತ್ತಕ್ಕೂ ಹೆಚ್ಚು ದೇಶಗಳ ಜೊತೆ ಭಾರತವೂ ನಿಲ್ಲಲಿ ಎಂದು ಕೇಳಿದೆವು.

ಪತ್ರದ ಕೊನೆಗೆ ಆ ಹಿರಿಯರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಇಟ್ಟೆವು. ಮೊದಲ ಸಹಿಯೂ ಅವರದೇ.