ದಕ್ಷಿಣದ ಕಿಟಕಿ ಮತ್ತು ನೂಲುಪಾಚಿ: ಅಕ್ವೇರಿಯಂ ಸಾಕಣೆಯಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಮೂರಡಿ ಉದ್ದದ, ಸುಮಾರು 130 ಲೀಟರ್ ನೀರು ಹಿಡಿಯುವ ಸಿಹಿನೀರಿನ ಅಕ್ವೇರಿಯಂ ಇದೆ. ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ಅನೂಬಿಯಾಸ್, ಜಾವಾ ಮಾಸ್ ಅದರ ಗಿಡಗಳು. ಮೀನುಗಳೆಲ್ಲ ಟೆಟ್ರಾ ಮತ್ತು ಬಾರ್ಬ್ ಜಾತಿಯ ಸಣ್ಣವು. ಮಳೆಗಾಲದುದ್ದಕ್ಕೂ ಚೊಕ್ಕಟವಾಗಿದ್ದ ಈ ತೊಟ್ಟಿಯಲ್ಲಿ ದೀಪಾವಳಿ ಕಳೆದ ಮೇಲೆ ನೂಲುಪಾಚಿ, ಅಂದರೆ ಮೀನು ಸಾಕುವವರು ಹೇರ್ ಆಲ್ಗೆ ಎನ್ನುವ ಪಾಚಿ, ಕಾಣಿಸಿಕೊಂಡು, ಸಂಕ್ರಾಂತಿಯ ಹೊತ್ತಿಗೆ ಮಾಸ್ ಯಾವುದು ಪಾಚಿ ಯಾವುದು ಎಂದು ಬೇರ್ಪಡಿಸಲಾಗದಷ್ಟು ಹಬ್ಬಿತು. ದೀಪ ಉರಿಯುವ ಅವಧಿ, ಮೀನುಗಳ ಸಂಖ್ಯೆ, ಹಾಕುವ ಆಹಾರ, ನೀರು ಬದಲಿಸುವ ಕ್ರಮ ಯಾವುದರಲ್ಲೂ ವ್ಯತ್ಯಾಸವಾಗಿರಲಿಲ್ಲ. ವ್ಯತ್ಯಾಸವಾಗಿದ್ದುದು ಕಿಟಕಿಯಿಂದ ಬರುವ ಬೆಳಕಿನಲ್ಲಿ.

ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ, ಜೊತೆಗೆ ಮಲೆನಾಡಿನ ಮೋಡ ಬೇರೆ. ಆದ್ದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವ ಪ್ರಶ್ನೆಯೇ ಇಲ್ಲ. ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿ, ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನದಲ್ಲಿಯೂ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ, ಬಿಸಿಲು ಸಜ್ಜಾದ ಕೆಳಗೆ ನುಸುಳಿ ತೊಟ್ಟಿಯ ಒಂದು ಪಾರ್ಶ್ವಕ್ಕೆ ಬೀಳತೊಡಗಿತು. ನೇರ ಬಿಸಿಲಿನ ಪ್ರಖರತೆ ಒಂದು ಲಕ್ಷ ಲಕ್ಸ್‌ವರೆಗೆ ಇರುತ್ತದೆ, ಮನೆಯ ಅಕ್ವೇರಿಯಂ ದೀಪದ್ದು ಕೆಲವೇ ಸಾವಿರ. ಪಾಚಿ ಮೊದಲು ಹಬ್ಬಿದ್ದು ಆ ಪಾರ್ಶ್ವದಲ್ಲಿಯೇ ಎಂಬುದನ್ನು ಗಮನಿಸಿದ ಮೇಲೆ ನನಗೆ ಬೇರೆ ಕಾರಣ ಹುಡುಕುವ ಅಗತ್ಯ ಉಳಿಯಲಿಲ್ಲ.

ಯಾವ ಪಾಚಿ ಎಂದು ತಿಳಿಯಲು ಸ್ವಲ್ಪವನ್ನು ಕಿತ್ತು ಬೆರಳ ನಡುವೆ ಉಜ್ಜಿ ನೋಡುವುದು ಒಳ್ಳೆಯದು. ಲೋಳೆಯಾಗಿ ಜಾರಿದರೆ ಅದು ಬಹುಮಟ್ಟಿಗೆ ಪಿಯುಸಿ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದ ಸ್ಪೈರೋಗೈರಾ; ಒರಟಾಗಿ, ಕವಲೊಡೆದು, ಹಿಂಡಿದರೂ ಆಕಾರ ಬಿಡದಿದ್ದರೆ ಕ್ಲಾಡೋಫೋರಾ; ಎಲೆಯಂಚಿಗೆ ಮೃದುವಾದ ನವಿರಿನಂತೆ ಅಂಟಿಕೊಂಡಿದ್ದರೆ ಈಡೋಗೋನಿಯಂ ಇರಬಹುದು. ನನ್ನ ತೊಟ್ಟಿಯಲ್ಲಿದ್ದುದು ಹೆಚ್ಚಿನ ಪಾಲು ಜಾರುವ ಬಗೆಯದು. ಕ್ಲಾಡೋಫೋರಾ ಆಗಿದ್ದರೆ ಬೆಳಕು ಕಡಿಮೆ ಮಾಡಿದ ಮಾತ್ರಕ್ಕೆ ಅದು ಸುಲಭವಾಗಿ ಜಗ್ಗುವುದಿಲ್ಲ, ಕೈಯಿಂದಲೇ ಕೀಳಬೇಕಾಗುತ್ತದೆ.

ಕಿಟಕಿಯ ಕಡೆಯ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಹಾಳೆ ಅಂಟಿಸಿ, ದೀಪಕ್ಕೆ ಟೈಮರ್ ಕೂರಿಸಿ, 10 ಗಂಟೆ ಉರಿಯುತ್ತಿದ್ದುದನ್ನು 6 ಗಂಟೆಗೆ ಇಳಿಸಿದೆ. ಅದೇ ವಾರ ಹಳೆಯ ಟೂತ್‌ಬ್ರಷ್‌ನಿಂದ ಪಾಚಿ ತೆಗೆಯಲು ಆರಂಭಿಸಿದೆ. ಬ್ರಷ್ಷನ್ನು ಪಾಚಿಯ ನಡುವೆ ಇಳಿಸಿ, ಕದಿರಿಗೆ ನೂಲು ಸುತ್ತುವಂತೆ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರೆ ಉದ್ದನೆಯ ಎಳೆಗಳು ತುಂಡಾಗದೆ ಸುತ್ತಿಕೊಂಡು ಬರುತ್ತವೆ. ಅವಸರದಿಂದ ಎಳೆದರೆ ತುಂಡುಗಳು ನೀರಿನಲ್ಲಿ ಚದುರಿ, ಒಂದೊಂದು ತುಂಡೂ ಬೇರೆಡೆ ಮತ್ತೆ ಬೆಳೆಯಬಲ್ಲದು. ಆದ್ದರಿಂದ ಪಕ್ಕದಲ್ಲಿ ಸೈಫನ್ ಪೈಪು ಹಿಡಿದು, ಚದುರಿದ್ದನ್ನು ನೀರಿನೊಡನೆಯೇ ಹೊರಗೆಳೆದು, ಮೂರನೇ ಒಂದು ಭಾಗದಷ್ಟು ಹೊಸ ನೀರು ತುಂಬುತ್ತಿದ್ದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಹಿಂದಿನ ದಿನವೇ ಬಕೆಟ್‌ಗಳಲ್ಲಿ ಹಿಡಿದಿಡುವುದು ನನ್ನ ರೂಢಿ.

ಈ ಹಂತದಲ್ಲಿ ಮನೆಗೆ ಬಂದಿದ್ದ ನಮ್ಮ ಭಾವನವರು ತೊಟ್ಟಿಯನ್ನು ನೋಡಿ, “ಒಂದು ಚಿಟಿಕೆ ಮೈಲುತುತ್ತು ಹಾಕು, ನಾಳೆಗೆ ಒಂದೆಳೆ ಉಳಿಯೋದಿಲ್ಲ” ಎಂದರು. “ಮೀನೂ ಉಳಿಯೋದಿಲ್ಲ ಭಾವ” ಎಂದೆ. ಕಾಫಿ ತೋಟದವರ ಗೋದಾಮಿನಲ್ಲಿ ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತು ಇದ್ದೇ ಇರುತ್ತದೆ, ಮತ್ತು ಅವರ ಮಾತಿನ ಅರ್ಧ ಭಾಗ ನಿಜವೂ ಹೌದು: ತಾಮ್ರದ ಸಲ್ಫೇಟ್ ಪಾಚಿಯನ್ನು ಕೊಲ್ಲುತ್ತದೆ. ಆದರೆ ನೀರು ಮೃದುವಾದಷ್ಟೂ ಅದರಲ್ಲಿ ತಾಮ್ರದ ವಿಷ ತೀವ್ರವಾಗುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಮೀನು ತಡೆದುಕೊಳ್ಳಬಹುದಾದ ಪ್ರಮಾಣವೇ ಮಲೆನಾಡಿನ ಹಳ್ಳದ ಮೃದು ನೀರಿನಲ್ಲಿ ಮಾರಕವಾಗಬಹುದು. ಸಿಗಡಿ ಮತ್ತು ಬಸವನಹುಳುಗಳಂತೂ ತೀರಾ ಅಲ್ಪ ತಾಮ್ರಕ್ಕೂ ಸಾಯುತ್ತವೆ. ಅಂಗಡಿಗಳಲ್ಲಿ ಸಿಗುವ ಪಾಚಿನಾಶಕಗಳಲ್ಲಿಯೂ ಕೆಲವು ತಾಮ್ರದವೇ ಆಗಿರುವುದರಿಂದ ಬಾಟಲಿಯ ಚೀಟಿ ಓದದೆ ಕೊಳ್ಳಬಾರದು.

ಪಾಚಿಗೆ ಆಹಾರ ಸಿಗದಂತೆ ಗಿಡದ ಗೊಬ್ಬರವನ್ನು ಪೂರ್ತಿ ನಿಲ್ಲಿಸಬೇಕೆಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಪಾಚಿ ಅತ್ಯಲ್ಪ ಪೋಷಕಾಂಶದಲ್ಲಿಯೂ ಬದುಕುತ್ತದೆ, ಗಿಡಗಳು ಬದುಕುವುದಿಲ್ಲ. ಹಸಿದು ಸೊರಗಿದ ಹಳೆಯ ಎಲೆಯೇ ಪಾಚಿಗೆ ಅತ್ಯುತ್ತಮ ನೆಲೆ. ಗಿಡಗಳ ಪೋಷಕಾಂಶವಾದ ನೈಟ್ರೇಟ್ ನೀರಿನಲ್ಲಿ 10ರಿಂದ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿರುವಂತೆ ನೋಡಿಕೊಂಡು, ಹಳದಿಯಾದ ಎಲೆಗಳನ್ನು ಕತ್ತರಿಸಿ, ಮೇಲ್ಭಾಗದಲ್ಲಿ ಒಂದು ಹಿಡಿ ಅಂತರಗಂಗೆ ತೇಲಿಬಿಟ್ಟೆ. ಅದು ನೆರಳನ್ನೂ ಕೊಡುತ್ತದೆ, ನೀರಿನ ಪೋಷಕಾಂಶವನ್ನೂ ವೇಗವಾಗಿ ಹೀರುತ್ತದೆ.

ಇಷ್ಟಾದರೂ ಅನೂಬಿಯಾಸ್‌ನ ಎಲೆಯಂಚು ಮತ್ತು ಫಿಲ್ಟರಿನ ಕೊಳವೆಯಲ್ಲಿ ಮೊಂಡು ಪಾಚಿ ಉಳಿದಿತ್ತು. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದೆ. ನಮ್ಮಲ್ಲಿ ಮೆಡಿಕಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರದ್ದು, ಅದಕ್ಕೆ ಸಮಪಾಲು ನೀರು ಬೆರೆಸಿದರೆ ಶೇ. 3 ಆಗುತ್ತದೆ. ಈ ಶೇ. 3ರ ದ್ರಾವಣವನ್ನು ತೊಟ್ಟಿಯ ನಾಲ್ಕು ಲೀಟರ್ ನೀರಿಗೆ 1 ಮಿಲಿಯ ಲೆಕ್ಕದಲ್ಲಿ, ಇಡೀ ತೊಟ್ಟಿಗೆ 30 ಮಿಲಿ ಮೀರದಂತೆ, ಫಿಲ್ಟರ್ ನಿಲ್ಲಿಸಿ ಸೂಜಿಯಿಲ್ಲದ ಸಿರಿಂಜಿನಿಂದ ಪಾಚಿಯ ಮೇಲೆಯೇ ನಿಧಾನವಾಗಿ ಬಿಟ್ಟೆ. ಎಳೆಗಳ ತುಂಬ ಸಣ್ಣ ಗುಳ್ಳೆಗಳು ಮೂಡುತ್ತವೆ. ಸ್ವಲ್ಪ ಹೊತ್ತಿನ ನಂತರ ಫಿಲ್ಟರ್ ಚಾಲೂ ಮಾಡಿದರಾಯಿತು. ಮುಂದಿನ ದಿನಗಳಲ್ಲಿ ಪಾಚಿ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಪೆರಾಕ್ಸೈಡ್ ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದಾದರೂ, ಮಾಸ್ ಮತ್ತು ಸಿಗಡಿಗಳಿಗೆ ಅದು ಒಗ್ಗುವುದಿಲ್ಲವಾದ್ದರಿಂದ ಮಾಸ್‌ನ ಹತ್ತಿರಕ್ಕೆ ಅದನ್ನು ಒಯ್ಯಲಿಲ್ಲ. ಪಾಚಿಯ ರಾಶಿಯನ್ನು ಕೈಯಿಂದ ತೆಗೆಯುವ ಮೊದಲೇ ಇದನ್ನು ಬಳಸುವುದೂ ಸಲ್ಲದು, ಏಕೆಂದರೆ ಅಷ್ಟೂ ಪಾಚಿ ಒಟ್ಟಿಗೆ ಸತ್ತು ಕೊಳೆತರೆ ಅಮೋನಿಯಾ ಏರಿ, ಆಮ್ಲಜನಕ ಇಳಿದು, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ಪಾಚಿ ತಿನ್ನುವ ಮೀನುಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು. ನಮ್ಮ ದೇಶದ್ದೇ ಆದ ರೋಸಿ ಬಾರ್ಬ್ ಮೃದುವಾದ ನೂಲುಪಾಚಿಯನ್ನು ಕಿತ್ತು ತಿನ್ನುತ್ತದೆ, ಎಳೆಯ ಎಲೆಗಳಿಗೂ ಬಾಯಿ ಹಾಕುತ್ತದೆ. ಸಯಾಮಿ ಆಲ್ಗೆ ಈಟರ್ ಇನ್ನೂ ಮೇಲು. ಆದರೆ ಅದರ ಹೆಸರಿನಲ್ಲಿ ಬೇರೆ ಮೀನು ಮಾರುವುದುಂಟು. ನಿಜವಾದದ್ದರ ಮೈಮೇಲಿನ ಕಪ್ಪು ಪಟ್ಟೆ ಬಾಲದ ರೆಕ್ಕೆಯ ತುದಿಯವರೆಗೂ ಸಾಗಿರುತ್ತದೆ ಮತ್ತು ಉಳಿದ ರೆಕ್ಕೆಗಳಿಗೆ ಬಣ್ಣವಿರುವುದಿಲ್ಲ. ಎರಡಕ್ಕೂ ದಿನನಿತ್ಯದ ಆಹಾರವನ್ನು ಕಡಿಮೆ ಮಾಡದಿದ್ದರೆ ಅವು ಪಾಚಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಕಿತ್ತ ಪಾಚಿಯನ್ನು ಗುಲಾಬಿ ಕುಂಡಕ್ಕೆ ಹಾಕುತ್ತೇನೆ. ಅಂತರಗಂಗೆ ಮಿತಿಮೀರಿ ಹೆಚ್ಚಿದಾಗ ಅದನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿಯೇ ಗೊಬ್ಬರದ ಗುಂಡಿಗೆ ಹಾಕುವುದು; ಕೆರೆಗೂ ಇಲ್ಲ, ಚರಂಡಿಗೂ ಇಲ್ಲ.